ಕಲ್ಲಿನ ಮೇಲಿನ ಹೆಸರು ಮಾಸುವ ಮುನ್ನ: ಹಳ್ಳಿಯ ಸ್ಮಶಾನದಲ್ಲಿ ಸಮಾಧಿಗಳನ್ನು ದಾಖಲಿಸುವ ಬಗೆ

ವಂಶವೃಕ್ಷ ಬರೆಯಲು ಕೂತವರು ಒಂದಲ್ಲ ಒಂದು ಕಡೆ ಬಂದು ನಿಂತುಬಿಡುತ್ತಾರೆ. ಅಪ್ಪ, ಅಜ್ಜ, ಮುತ್ತಜ್ಜನವರೆಗೆ ಹೆಸರು ಸಲೀಸಾಗಿ ಬರುತ್ತದೆ. ಅದರಾಚೆ ಕತ್ತಲು. ಕಾಗದಪತ್ರ ಇಲ್ಲ, ಕೇಳೋಣ ಅಂದರೆ ಹೇಳುವವರಿಲ್ಲ. ಆಗ ಹಿರಿಯರೊಬ್ಬರು ನೆನಪಿಸಿಕೊಂಡು ಹೇಳುತ್ತಾರೆ: "ಹಳ್ಳಿಯ ಸ್ಮಶಾನದಲ್ಲಿ ಅವರ ಕಲ್ಲು ಇದೆಯಲ್ಲ, ಅದರ ಮೇಲೆ ಎಲ್ಲ ಬರೆದಿದೆ."

ಮೊಬೈಲ್ ಹಿಡಿದು ಹೊರಡುತ್ತೀರಿ. ಹೋಗಿ ನೋಡಿದರೆ ಕಲ್ಲು ಇದೆ, ಅಕ್ಷರ ಕಾಣುತ್ತಿಲ್ಲ. ಬೂದು ಕಲ್ಲಿನ ಮೇಲೆ ಬೂದು ಗೀರುಗಳು, ಅದರ ಮೇಲೆ ಪಾಚಿ. ಕೆಳಗಿನ ಎರಡು ಸಾಲು ಮಣ್ಣಿನೊಳಗೆ. ಫೋಟೋ ತೆಗೆದರೆ ಕಣ್ಣಿಗೆ ಕಂಡಷ್ಟೂ ಅದರಲ್ಲಿ ಬರುವುದಿಲ್ಲ.

ಇಲ್ಲಿಗೇ ಕೈಬಿಡಬೇಕಾಗಿಲ್ಲ. ಓದಲು ಆಗುವುದೇ ಇಲ್ಲ ಅನ್ನಿಸುವ ಎಷ್ಟೋ ಕಲ್ಲುಗಳನ್ನು ಒಂದು ಕನ್ನಡಿ ಮತ್ತು ಸ್ವಲ್ಪ ತಾಳ್ಮೆ ಇಟ್ಟುಕೊಂಡು ಓದಬಹುದು. ಅದು ಹೇಗೆ, ಓದಿದ್ದನ್ನು ಹೇಗೆ ಬರೆದಿಡಬೇಕು, ಎಷ್ಟರಮಟ್ಟಿಗೆ ನಂಬಬೇಕು ಅನ್ನುವುದನ್ನು ಮೊದಲಿನಿಂದ ನೋಡೋಣ.

ದಾಖಲಿಸುವುದು ಅಂದರೆ ಏನು?

ಸುಮ್ನೆ ಫೋಟೋ ಹೊಡೆದುಕೊಂಡು ಬಂದರೆ ದಾಖಲೆ ಆಗುವುದಿಲ್ಲ. ಒಂದು ಸಮಾಧಿಯ ಪೂರ್ತಿ ದಾಖಲೆಗೆ ನಾಲ್ಕು ವಿಷಯ ಬೇಕು. ಕಲ್ಲಿನ ಫೋಟೋ ಒಂದು. ಅದರ ಮೇಲಿನ ಬರಹದ ಅಕ್ಷರಶಃ ನಕಲು ಎರಡನೆಯದು. ಆ ಕಲ್ಲು ಸ್ಮಶಾನದ ಯಾವ ಜಾಗದಲ್ಲಿದೆ, ಅಕ್ಕಪಕ್ಕ ಯಾರಿದ್ದಾರೆ ಅನ್ನುವುದು ಮೂರನೆಯದು. ನೀವು ನೋಡಿದ ದಿನ ಕಲ್ಲು ಯಾವ ಸ್ಥಿತಿಯಲ್ಲಿತ್ತು ಅನ್ನುವುದು ಕೊನೆಯದು: ನೆಟ್ಟಗಿತ್ತೋ, ವಾಲಿತ್ತೋ, ಒಡೆದಿತ್ತೋ, ಯಾವ ಜಾತಿಯ ಕಲ್ಲು.

ಮೊದಲ ಎರಡನ್ನು ಎಲ್ಲರೂ ಮಾಡುತ್ತಾರೆ. ಮೂರನೆಯದನ್ನು ಬಿಟ್ಟುಬಿಡುವವರೇ ಜಾಸ್ತಿ. ಮನೆತನದ ಇತಿಹಾಸ ಹುಡುಕುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಅದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ.

ಕಲ್ಲು ಹೇಳಿದ್ದೆಲ್ಲ ನಿಜವೇ?

ಕಲ್ಲಿನಲ್ಲಿ ಕೆತ್ತಿದ್ದು ಅಂದರೆ ಅದು ಖಚಿತ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಕೆತ್ತುವವನಿಗೆ ವಿಷಯ ಕೊಟ್ಟವರು ಯಾರು ಅಂತ ಒಮ್ಮೆ ಯೋಚಿಸಿ. ಸತ್ತವರು ತಮ್ಮ ಹುಟ್ಟಿದ ದಿನವನ್ನು ತಾವೇ ಹೇಳಿರಲು ಸಾಧ್ಯವಿಲ್ಲ. ದುಃಖದಲ್ಲಿದ್ದ ಹೆಂಡತಿಯೋ ಮಗನೋ ನೆನಪಿನಿಂದ ಹೇಳಿರುತ್ತಾರೆ. ಹಾಗಾಗಿ ಸತ್ತ ದಿನ ಬಹುಮಟ್ಟಿಗೆ ಸರಿ ಇರುತ್ತದೆ, ಅದು ಕಣ್ಣೆದುರಿಗೆ ನಡೆದದ್ದು. ಹುಟ್ಟಿದ ದಿನ, ಹುಟ್ಟಿದ ಊರು, ವಯಸ್ಸು ಇವೆಲ್ಲ ಕೇಳಿ ತಿಳಿದವು. ತಪ್ಪುವ ಸಾಧ್ಯತೆ ಹೆಚ್ಚು.

ಇನ್ನೊಂದು ಸಂಗತಿ ಇದೆ. ಕಲ್ಲು ನಿಲ್ಲಿಸುವುದಕ್ಕೆ ದುಡ್ಡು ಬೇಕು. ಸತ್ತ ಕೂಡಲೇ ಎಲ್ಲರಿಗೂ ಆಗುವುದಿಲ್ಲ. ಎಷ್ಟೋ ಕಡೆ ಮಕ್ಕಳು ಒಂದು ನೆಲೆಗೆ ಬಂದ ಮೇಲೆ, ಹತ್ತಿಪ್ಪತ್ತು ವರ್ಷ ಕಳೆದು ಕಲ್ಲು ಹಾಕಿಸಿರುತ್ತಾರೆ. ಅಷ್ಟರಲ್ಲಿ ಸತ್ತ ವರ್ಷವೂ ಒಂದೆರಡು ಆಚೀಚೆ ಆಗಿರಬಹುದು. ಇದನ್ನು ಪತ್ತೆ ಮಾಡುವ ದಾರಿ ಇದೆ. 1850, 1862, 1890 ಹೀಗೆ ಮೂರು ಸಾವುಗಳು ಒಂದೇ ಕಲ್ಲಿನ ಮೇಲಿವೆ ಅಂದುಕೊಳ್ಳಿ. ಮೂರೂ ಒಂದೇ ಕೈಯ ಅಕ್ಷರ, ಒಂದೇ ಆಳ, ಒಂದೇ ಅಳತೆ ಇದ್ದರೆ ಅಷ್ಟೂ 1890ರ ನಂತರ ಒಟ್ಟಿಗೆ ಕೆತ್ತಿದ್ದು. ಅಕ್ಷರ ಬೇರೆ ಬೇರೆ ಥರ ಇದ್ದರೆ ಆಗಾಗ ಸೇರಿಸಿದ್ದು. ಎರಡನೆಯದು ಹೆಚ್ಚು ನಂಬಿಕೆಗೆ ಅರ್ಹ.

ಕಲ್ಲು ಇದ್ದ ಕಡೆ ಶವ ಇರಲೇಬೇಕು ಅಂತಲೂ ಇಲ್ಲ. ಸಮುದ್ರದಲ್ಲಿ ಸತ್ತವರಿಗೆ, ಯುದ್ಧದಿಂದ ಮರಳದವರಿಗೆ ಮನೆಯವರು ಊರಿನಲ್ಲಿ ಬರೀ ನೆನಪಿನ ಕಲ್ಲು ಹಾಕಿಸುವುದುಂಟು. ಗಂಡ ಹೆಂಡತಿ ಇಬ್ಬರ ಹೆಸರೂ ಇದ್ದು, ಒಬ್ಬರ ಸಾವಿನ ಜಾಗ ಖಾಲಿ ಇರುವುದೂ ಉಂಟು. ಕಲ್ಲು ಹಾಕಿಸಿದಾಗ ಅವರು ಬದುಕಿದ್ದರು. ಆಮೇಲೆ ಬೇರೆ ಊರಿಗೆ ಹೋದರೋ, ಮತ್ತೆ ಮದುವೆಯಾದರೋ, ತಾರೀಕು ತುಂಬಿಸಲು ಯಾರೂ ಉಳಿಯಲಿಲ್ಲವೋ? ಖಾಲಿ ಜಾಗವೂ ಒಂದು ಸುಳಿವು. ಅದನ್ನೂ ಬರೆದುಕೊಳ್ಳಬೇಕು.

ಅಕ್ಷರ ಮಾಸುವುದು ಯಾಕೆ?

ಎಲ್ಲ ಕಲ್ಲೂ ಒಂದೇ ಥರ ಹಾಳಾಗುವುದಿಲ್ಲ. ಕಲ್ಲಿನ ಜಾತಿ ಗೊತ್ತಾದರೆ ಅಕ್ಷರವನ್ನು ಹೇಗೆ ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ.

ಅಮೃತಶಿಲೆ ಮತ್ತು ಸುಣ್ಣಕಲ್ಲು ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಾಗಿದರೆ ಕರಗುತ್ತವೆ. ಮಳೆನೀರು ಸಹಜವಾಗಿಯೇ ಸ್ವಲ್ಪ ಆಮ್ಲೀಯ, ಕಲ್ಲಿದ್ದಲ ಹೊಗೆ ಸೇರಿದ ಗಾಳಿಯಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಹೊಸದರಲ್ಲಿ ಹಾಲಿನಂತೆ ಹೊಳೆಯುವ ಅಮೃತಶಿಲೆ ನೂರು ವರ್ಷದಲ್ಲಿ ಒರಟಾಗಿ, ಬೆರಳಾಡಿಸಿದರೆ ಸಕ್ಕರೆ ಹರಳಿನಂತೆ ಉದುರುವ ಹಾಗಾಗುತ್ತದೆ. ಅಕ್ಷರದ ಅಂಚುಗಳು ದುಂಡಗಾಗಿ, ಕೊನೆಗೆ ಬರೀ ತಗ್ಗುಗಳು ಉಳಿಯುತ್ತವೆ.

ಮರಳುಗಲ್ಲಿನ ಕಷ್ಟ ಬೇರೆ. ಅದು ಪದರ ಪದರವಾಗಿ ಕೂಡಿದ ಕಲ್ಲು. ನೀರು ಒಳಗೆ ಇಳಿದು, ಒಣಗಿ, ಲವಣ ಹರಳುಗಟ್ಟಿ ಪದರವನ್ನು ಎಬ್ಬಿಸುತ್ತದೆ. ಚಳಿ ಪ್ರದೇಶವಾದರೆ ನೀರು ಮಂಜುಗಟ್ಟಿ ಹಿಗ್ಗಿ ಅದೇ ಕೆಲಸ ಮಾಡುತ್ತದೆ. ಇಂಥ ಕಲ್ಲು ಇವತ್ತು ಪೂರ್ತಿ ಓದುವ ಹಾಗಿದ್ದು, ಒಂದು ದಿನ ಮುಖದ ಪದರವೇ ಹಾಳೆಯಂತೆ ಬಿದ್ದುಹೋಗಬಹುದು. ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಆದರೆ ದಯವಿಟ್ಟು ತಟ್ಟಿ ನೋಡಬೇಡಿ. ಮರಳುಗಲ್ಲುಗಳನ್ನು ಎಲ್ಲಕ್ಕಿಂತ ಮೊದಲು ದಾಖಲಿಸಿ.

ಸ್ಲೇಟು ಕಲ್ಲು ಆಶ್ಚರ್ಯ ಹುಟ್ಟಿಸುವಷ್ಟು ಗಟ್ಟಿ. ಮುನ್ನೂರು ವರ್ಷ ಹಳೆಯ ಸ್ಲೇಟಿನ ಮೇಲೆ ಉಳಿಯ ಗೀರು ಈಗಲೂ ಚೂಪಾಗಿ ಕಾಣುವುದುಂಟು. ಗ್ರಾನೈಟ್ ಅದಕ್ಕಿಂತಲೂ ಬಲ. ಆದರೆ ಅಷ್ಟು ಬಲವಾದ ಕಲ್ಲನ್ನು ಕೈಯಲ್ಲಿ ಕೆತ್ತುವುದು ಕಷ್ಟ, ಹಾಗಾಗಿ ಯಂತ್ರಗಳು ಬಂದ ಮೇಲೆ, 19ನೇ ಶತಮಾನದ ಕೊನೆಯ ಹೊತ್ತಿಗೆ ಅದು ಪಾಶ್ಚಾತ್ಯ ಸ್ಮಶಾನಗಳಲ್ಲಿ ಸಾಮಾನ್ಯವಾಯಿತು. ಅಲ್ಲಿ 1780ರ ಸಾವಿಗೆ ಹೊಳಪು ಗ್ರಾನೈಟಿನ ಕಲ್ಲು ಕಂಡರೆ ಅದು ತುಂಬ ತಡವಾಗಿ ಹಾಕಿಸಿದ್ದು ಅಂತಲೇ ಲೆಕ್ಕ. ಅಮೆರಿಕದ ಕೆಲವು ಸ್ಮಶಾನಗಳಲ್ಲಿ ನೀಲಿ-ಬೂದು ಬಣ್ಣದ, ತಟ್ಟಿದರೆ ಡಬ್ಬಿಯಂತೆ ಸದ್ದು ಮಾಡುವ ಸ್ಮಾರಕಗಳೂ ಸಿಗುತ್ತವೆ. ಅವು ಕಲ್ಲೇ ಅಲ್ಲ, ಸತುವಿನ ಎರಕ. ಅವುಗಳ ಅಕ್ಷರ ಇವತ್ತಿಗೂ ನಿನ್ನೆ ಮಾಡಿದಂತಿದೆ.

ಇನ್ನು ಕಲ್ಲುಹೂವು. ಕಲ್ಲಿನ ಮೇಲೆ ಬಿಳಿ, ಕಿತ್ತಳೆ, ಹಸಿರು ವೃತ್ತಗಳಾಗಿ ಹಬ್ಬುತ್ತದಲ್ಲ, ಅದು. ಶಿಲೀಂಧ್ರ ಮತ್ತು ಪಾಚಿ ಒಟ್ಟಿಗೆ ಬದುಕುವ ಜೀವಿ. ತುಂಬ ನಿಧಾನವಾಗಿ ಬೆಳೆಯುತ್ತದೆ, ಕೆಲವು ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹರಡುವುದಿಲ್ಲ. ಈ ನಿಧಾನವನ್ನೇ ಗಡಿಯಾರವಾಗಿ ಬಳಸಬಹುದು ಅಂತ ಆಸ್ಟ್ರಿಯಾದ ವಿಜ್ಞಾನಿ ರೋಲಾಂಡ್ ಬೆಶೆಲ್ 1950ರ ಸುಮಾರಿಗೆ ತೋರಿಸಿಕೊಟ್ಟರು. ಹಿಮನದಿಗಳು ಯಾವಾಗ ಹಿಂದೆ ಸರಿದವು ಅಂತ ಬಂಡೆಗಳ ಮೇಲಿನ ಕಲ್ಲುಹೂವಿನ ಅಗಲದಿಂದ ಅಂದಾಜು ಮಾಡುವ ವಿಧಾನ ಅದು. ಕಲ್ಲುಹೂವು ವರ್ಷಕ್ಕೆ ಎಷ್ಟು ಬೆಳೆಯುತ್ತದೆ ಅಂತ ತಿಳಿಯಲು ಇಂಥ ಅಧ್ಯಯನಗಳಿಗೆ ಒದಗಿದ್ದು ಸಮಾಧಿ ಕಲ್ಲುಗಳು. ಅವುಗಳ ಮೇಲೆ ಇಸವಿ ಬರೆದಿರುತ್ತದೆ ನೋಡಿ. ಹಾಗಾಗಿ ಓದಲು ಅಡ್ಡ ಬಂತು ಅಂತ ಕಲ್ಲುಹೂವನ್ನು ಕೆರೆಯಬೇಡಿ. ಅದರ ಬೇರಿನಂಥ ಎಳೆಗಳು ಕಲ್ಲಿನೊಳಗೆ ಇಳಿದಿರುತ್ತವೆ, ಕಿತ್ತರೆ ಅಕ್ಷರದ ಚೂರೂ ಜೊತೆಗೆ ಬರುತ್ತದೆ.

ಹೋಗುವ ಮೊದಲು

ಮೊದಲು ಅನುಮತಿ. ಸ್ಮಶಾನ ಯಾರ ಸುಪರ್ದಿಯಲ್ಲಿದೆಯೋ ಅವರನ್ನು ಕೇಳಿ. ಅದು ಯಾರದ್ದೋ ಹೊಲದ ಮಧ್ಯೆ ಇದ್ದರೆ ಹೊಲದವರನ್ನೂ ಕೇಳಬೇಕು. ಕೇಳುವುದರಿಂದ ಇನ್ನೊಂದು ಲಾಭ ಇದೆ. ಸ್ಮಶಾನ ನೋಡಿಕೊಳ್ಳುವವರ ಹತ್ತಿರ ಹಳೆಯ ನಕ್ಷೆಯೋ ಹೂಳಿದವರ ಪಟ್ಟಿಯೋ ಇರಬಹುದು. ಎಷ್ಟೋ ಜನಕ್ಕೆ ಕಲ್ಲೇ ಇರುವುದಿಲ್ಲ, ಪಟ್ಟಿಯಲ್ಲಿ ಮಾತ್ರ ಹೆಸರು ಇರುತ್ತದೆ.

ಬೇಕಾದ ಸಾಮಾನು ಕಡಿಮೆ. ಮೊಬೈಲ್, ಪೆನ್ಸಿಲ್, ಗಟ್ಟಿ ರಟ್ಟಿನ ನೋಟ್‌ಬುಕ್, ಅಳತೆ ಟೇಪು, ಒಂದೆರಡು ಅಡಿ ಉದ್ದದ ಕನ್ನಡಿ, ಟಾರ್ಚ್, ಮೆತ್ತನೆಯ ಬ್ರಷ್, ಬರೀ ನೀರು ತುಂಬಿದ ಸ್ಪ್ರೇ ಬಾಟಲಿ. ಪೆನ್ನಿಗಿಂತ ಪೆನ್ಸಿಲ್ ಯಾಕೆ ಅಂದರೆ ನೀರು ಬಿದ್ದರೂ ಅಳಿಸಿಹೋಗುವುದಿಲ್ಲ. ಕಾಲಿಗೆ ಗಟ್ಟಿ ಬೂಟು ಇರಲಿ. ಹುಲ್ಲಿನ ಕೆಳಗೆ ಕುಸಿದ ಗುಂಡಿ ಇರಬಹುದು, ಬಿಸಿಲಿಗೆ ಮೈಚಾಚಿದ ಹಾವೂ ಇರಬಹುದು.

ವಾಲಿದ ಕಲ್ಲಿಗೆ ಒರಗಬೇಡಿ, ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ. ಒಂದು ಮೀಟರ್ ಎತ್ತರ, ಅರವತ್ತು ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ದಪ್ಪದ ಗ್ರಾನೈಟ್ ಹಲಗೆಯ ತೂಕ ಸುಮಾರು 160 ಕಿಲೋ. ನೋಡಲು ಚಿಕ್ಕದು, ಬಿದ್ದರೆ ಕಾಲು ಉಳಿಯುವುದಿಲ್ಲ.

ಬೆಳಕನ್ನು ಓರೆಯಾಗಿ ಬೀಳಿಸುವುದು

ಈಗ ಮುಖ್ಯ ವಿಷಯಕ್ಕೆ ಬರೋಣ. ಕೆತ್ತಿದ ಅಕ್ಷರಕ್ಕೆ ಬಣ್ಣ ಇಲ್ಲ. ಅದು ಕಾಣುವುದು ನೆರಳಿನಿಂದ. ಗೋಡೆಗೆ ಬಳಿದ ಬಣ್ಣದ ಉಬ್ಬುತಗ್ಗು ಹಗಲಲ್ಲಿ ಕಾಣುವುದಿಲ್ಲ, ರಾತ್ರಿ ಗೋಡೆಗೆ ಒತ್ತಿಕೊಂಡ ದೀಪ ಹಚ್ಚಿದಾಗ ಒಂದೊಂದು ಗೀರೂ ಎದ್ದು ಕಾಣುತ್ತದೆ. ಸಮಾಧಿ ಕಲ್ಲಿಗೂ ಅದೇ ಲೆಕ್ಕ. ಬೆಳಕು ಎದುರಿನಿಂದ ಬಿದ್ದರೆ ಅಕ್ಷರ ಮಾಯ. ಬದಿಯಿಂದ, ಕಲ್ಲಿನ ಮುಖವನ್ನು ಸವರಿಕೊಂಡು ಹೋಗುವ ಹಾಗೆ ಬಿದ್ದರೆ ತಗ್ಗಿನ ಒಂದು ಅಂಚು ಕಪ್ಪಗಾಗುತ್ತದೆ, ಇನ್ನೊಂದು ಹೊಳೆಯುತ್ತದೆ. ಅಕ್ಷರ ಮೇಲೇಳುತ್ತದೆ.

ಅದಕ್ಕೇ ಹೊತ್ತು ನೋಡಿ ಹೋಗಬೇಕು. ಪೂರ್ವಕ್ಕೆ ಮುಖ ಮಾಡಿದ ಕಲ್ಲಿನ ಮೇಲೆ ಬೆಳಿಗ್ಗೆ ನೇರ ಬಿಸಿಲು ಇರುತ್ತದೆ, ಓದಲು ಕಷ್ಟ. ಮಧ್ಯಾಹ್ನದ ಹತ್ತಿರ ಸೂರ್ಯ ಕಲ್ಲಿನ ಮುಖ ಬಿಟ್ಟು ಆಚೆ ದಾಟುವ ಸ್ವಲ್ಪ ಹೊತ್ತು ಬಿಸಿಲು ಓರೆಯಾಗುತ್ತದೆ. ಆ ಹದಿನೈದಿಪ್ಪತ್ತು ನಿಮಿಷವೇ ನಿಮಗೆ ಬೇಕಾದ್ದು. ಪಶ್ಚಿಮಕ್ಕೆ ಮುಖ ಮಾಡಿದ ಕಲ್ಲಿಗೆ ಮಧ್ಯಾಹ್ನ ಆದ ಮೇಲಿನ ಸ್ವಲ್ಪ ಹೊತ್ತು. ಬಿಸಿಲೇ ಬೀಳದ ದಿಕ್ಕಿಗೆ ಮುಖ ಮಾಡಿದ ಕಲ್ಲುಗಳಿಗೆ, ಮರದ ನೆರಳಲ್ಲಿರುವವಕ್ಕೆ ಕನ್ನಡಿ ಬೇಕು.

ಕನ್ನಡಿಯ ಕೆಲಸಕ್ಕೆ ಇಬ್ಬರು ಇದ್ದರೆ ಒಳ್ಳೆಯದು. ಒಬ್ಬರು ಬಿಸಿಲಿರುವ ಜಾಗದಲ್ಲಿ, ಕಲ್ಲಿನ ಪಕ್ಕಕ್ಕೆ ನಾಲ್ಕೈದು ಹೆಜ್ಜೆ ದೂರ ನಿಂತು, ಬಿಸಿಲನ್ನು ಕಲ್ಲಿನ ಮುಖದ ಮೇಲೆ ಅಡ್ಡಲಾಗಿ ಬೀಳಿಸಬೇಕು. ಇನ್ನೊಬ್ಬರು ಎದುರಿಗೆ ಕೂತು ಓದಬೇಕು. ಕನ್ನಡಿ ಹಿಡಿದವರು ಕೈಯನ್ನು ಒಂದಿಷ್ಟು ತಿರುಗಿಸಿದರೆ ಸಾಕು, ಇಲ್ಲದ ಅಕ್ಷರ ಬರುತ್ತದೆ, ಇದ್ದದ್ದು ಹೋಗುತ್ತದೆ. ಎಡದಿಂದ ಬೆಳಕು ಬಿಟ್ಟಾಗ ನಿಂತ ಗೆರೆಗಳು ಚೆನ್ನಾಗಿ ಕಾಣುತ್ತವೆ, ಮೇಲಿನಿಂದ ಬಿಟ್ಟಾಗ ಅಡ್ಡಗೆರೆಗಳು. ಹಾಗಾಗಿ ಎರಡೂ ಕಡೆಯಿಂದ ಬೆಳಕು ಬಿಟ್ಟು ಬೇರೆ ಬೇರೆ ಫೋಟೋ ತೆಗೆಯಿರಿ.

ಇದರಿಂದ ಏನು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ಒಂದು ಅಂಕಿಯನ್ನು ಹತ್ತಿರದಿಂದ ನೋಡೋಣ. ಹಳೆಯ ಕೆತ್ತನೆಗಾರರು ದಪ್ಪ ಗೆರೆಯನ್ನು ಆಳವಾಗಿ, ಸಣ್ಣ ಗೆರೆಯನ್ನು ಕೂದಲೆಳೆಯಷ್ಟು ತೆಳುವಾಗಿ ತೆಗೆಯುತ್ತಿದ್ದರು. ಸವೆಯುವಾಗ ತೆಳು ಗೆರೆ ಮೊದಲು ಹೋಗುತ್ತದೆ. 4ರ ಓರೆಗೆರೆ, ಅಡ್ಡಗೆರೆ ಎರಡೂ ತೆಳು, ನಿಂತ ಗೆರೆ ದಪ್ಪ. ಎರಡು ತೆಳು ಗೆರೆ ಅಳಿಸಿಹೋದರೆ 4 ಅನ್ನುವುದು 1 ಆಗಿ ಕೂರುತ್ತದೆ. 1841 ಓದಲು ಹೋಗಿ 1811 ಅಂತ ಬರೆದುಕೊಂಡು ಬಂದರೆ ಒಂದು ತಲೆಮಾರೇ ತಪ್ಪಿತು. ಕನ್ನಡಿಯ ಬೆಳಕನ್ನು ಮೇಲಿನಿಂದ ಕೆಳಕ್ಕೆ ಇಳಿಸಿದಾಗ ಆ ಅಡ್ಡಗೆರೆಯ ಎಡ ತುದಿ, ಸೂಜಿ ಗೀಚಿದಷ್ಟು, ಒಂದು ಕ್ಷಣ ಹೊಳೆದು ಕಾಣುತ್ತದೆ. ಅಷ್ಟು ಸಾಕು. 3 ಮತ್ತು 8, 1 ಮತ್ತು 7, 5 ಮತ್ತು 6 ಇವೂ ಹೀಗೇ ಮೋಸ ಮಾಡುವ ಜೋಡಿಗಳು. ಕನ್ನಡ ಅಂಕಿಗಳಾದರೆ ೬ ಮತ್ತು ೯ ಬಗ್ಗೆ ಎಚ್ಚರ ಇರಲಿ.

ಮೋಡದ ದಿನ ಹೋಗಿದ್ದರೆ ಕಲ್ಲಿನ ಮೇಲೆ ಬರೀ ನೀರು ಚಿಮುಕಿಸಿ ಕಾಯಿರಿ. ಮೇಲ್ಮೈ ಬೇಗ ಒಣಗುತ್ತದೆ, ಕೆತ್ತಿದ ತಗ್ಗಿನಲ್ಲಿ ತೇವ ಸ್ವಲ್ಪ ಹೊತ್ತು ಉಳಿಯುತ್ತದೆ. ಆ ಕೆಲವು ನಿಮಿಷ ಅಕ್ಷರ ಗಾಢವಾಗಿ ಕಾಣುತ್ತದೆ. ಆಗಲೇ ಉದುರುತ್ತಿರುವ ಕಲ್ಲಿಗೆ ಇದನ್ನೂ ಮಾಡಬೇಡಿ. ರಾತ್ರಿ ಟಾರ್ಚ್ ಹಿಡಿದು ಬದಿಯಿಂದ ಬೆಳಕು ಬಿಡುವುದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಊರಿನವರಿಗೆ ಹೇಳಿ ಹೋಗಿ.

ವಸ್ತುಸಂಗ್ರಹಾಲಯದವರು ಇದೇ ತತ್ವವನ್ನು ಇನ್ನಷ್ಟು ಮುಂದಕ್ಕೆ ಒಯ್ದಿದ್ದಾರೆ. ಕ್ಯಾಮೆರಾ ಅಲುಗಿಸದೆ, ದೀಪವನ್ನು ಮಾತ್ರ ಹತ್ತಾರು ದಿಕ್ಕಿನಿಂದ ಹಿಡಿದು ಫೋಟೋ ತೆಗೆದು, ಕಂಪ್ಯೂಟರ್‌ನಲ್ಲಿ ಅವನ್ನು ಒಂದಾಗಿಸುತ್ತಾರೆ. ಆಮೇಲೆ ತೆರೆಯ ಮೇಲೆ ಬೆಳಕನ್ನು ಬೇಕಾದ ಕಡೆಗೆ ಸರಿಸಿ ನೋಡಬಹುದು. 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ನಮ್ಮ ಕನ್ನಡಿ ಮಾಡುವುದೂ ಅದನ್ನೇ, ಒಂದೊಂದೇ ದಿಕ್ಕಿನಿಂದ.

ಕಲ್ಲಿಗೆ ಏನನ್ನೂ ಹಚ್ಚಬೇಡಿ

ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ಉಜ್ಜುವುದು, ಹಿಟ್ಟು ಬಳಿಯುವುದು, ಶೇವಿಂಗ್ ಕ್ರೀಮ್ ಸವರುವುದು ಇವೆಲ್ಲ ಬಹಳ ಕಾಲದಿಂದ ನಡೆದು ಬಂದಿವೆ. ಕಾಣುವುದೇನೋ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಶೇವಿಂಗ್ ಕ್ರೀಮ್‌ನಲ್ಲಿರುವ ಕೊಬ್ಬಿನ ಆಮ್ಲ ಮತ್ತು ಎಣ್ಣೆಯಂಶ ಕಲ್ಲಿನ ರಂಧ್ರಕ್ಕೆ ಇಳಿದು ಅಲ್ಲೇ ಉಳಿಯುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಹಿಟ್ಟು ಬೂಷ್ಟಿಗೆ ಆಹಾರ. ಸೀಮೆಸುಣ್ಣ ಉಜ್ಜುವಾಗ ಮೆತ್ತನೆಯ ಕಲ್ಲು ಸವೆಯುತ್ತದೆ. ಬ್ಲೀಚ್ ಹಾಕಿದರೆ ಕಲ್ಲಿನೊಳಗೆ ಲವಣ ಉಳಿದು, ಒಣಗಿದಾಗ ಹರಳಾಗಿ, ಒಳಗಿನಿಂದ ಕಲ್ಲನ್ನು ಬಿರಿಯುವಂತೆ ಮಾಡುತ್ತದೆ. ತಂತಿ ಬ್ರಷ್ ಬಗ್ಗೆ ಹೇಳುವುದೇ ಬೇಡ, ನೂರು ವರ್ಷದ ಸವೆತವನ್ನು ಅದು ಐದು ನಿಮಿಷದಲ್ಲಿ ಮಾಡಿ ಮುಗಿಸುತ್ತದೆ.

ಕಾಗದ ಇಟ್ಟು ಬಳಪದಿಂದ ಉಜ್ಜಿ ಅಚ್ಚು ತೆಗೆಯುವ ಪದ್ಧತಿಯನ್ನೂ ಈಗ ಹಲವು ಕಡೆ ನಿಷೇಧಿಸಿದ್ದಾರೆ. ಒತ್ತಡಕ್ಕೆ ಸಡಿಲ ಪದರ ಕಿತ್ತು ಬರುತ್ತದೆ. ಒಣ ಎಲೆ, ಹಕ್ಕಿ ಹಿಕ್ಕೆ, ಮಣ್ಣು ಇದ್ದರೆ ಮೆತ್ತನೆಯ ಬ್ರಷ್‌ನಿಂದ ಮೇಲೆ ಮೇಲೆ ಸರಿಸಬಹುದು. ನಿಮ್ಮ ಕೈ ಅಲ್ಲಿಗೆ ನಿಲ್ಲಲಿ. ಹುಲ್ಲು ಅಕ್ಷರಕ್ಕೆ ಅಡ್ಡವಾದರೆ ಕೈಯಿಂದ ಬಾಗಿಸಿ ಹಿಡಿದುಕೊಳ್ಳಿ, ಕೀಳಬೇಡಿ. ಮಣ್ಣಿನಲ್ಲಿ ಹೂತ ಸಾಲುಗಳಿಗಾಗಿ ಅಗೆಯುವುದೂ ಬೇಡ, ಎಷ್ಟೋ ಕಲ್ಲು ನೆಟ್ಟಗೆ ನಿಂತಿರುವುದೇ ಆ ಮಣ್ಣಿನ ಆಸರೆಯಲ್ಲಿ. "ಕೆಳಗೆ ಇನ್ನೂ ಸಾಲುಗಳು ಮಣ್ಣಿನಲ್ಲಿವೆ" ಅಂತ ಬರೆದುಕೊಂಡರೆ ಅದೂ ಒಂದು ಮಾಹಿತಿ.

ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ

ಓದಿದ್ದನ್ನು ಕಲ್ಲಿನ ಎದುರಿಗೇ ಕೂತು ಬರೆಯಿರಿ. ಮನೆಗೆ ಹೋಗಿ ಫೋಟೋ ನೋಡಿ ಬರೆಯೋಣ ಅಂದುಕೊಂಡರೆ ಕೈಕೊಡುತ್ತದೆ. ಕಣ್ಣು ಮತ್ತು ತಲೆ ಜೊತೆಗೂಡಿ ಓದುವಷ್ಟನ್ನು ಫೋಟೋ ಹಿಡಿಯುವುದಿಲ್ಲ.

ಕಾಗುಣಿತ ತಪ್ಪಿದ್ದರೆ ತಪ್ಪನ್ನೇ ಬರೆಯಿರಿ. ಅಡ್ಡಹೆಸರನ್ನು ಇವತ್ತು ನಿಮ್ಮ ಮನೆಯಲ್ಲಿ ಬರೆಯುವ ಹಾಗೆ ತಿದ್ದಬೇಡಿ. ನೂರು ವರ್ಷದ ಹಿಂದೆ ಅದನ್ನು ಬೇರೆ ಥರ ಬರೆಯುತ್ತಿದ್ದರು ಅನ್ನುವುದು ಗೊತ್ತಾದರೆ, ಹಳೆಯ ಕಾಗದಪತ್ರಗಳಲ್ಲಿ ಹುಡುಕಲು ಅದೇ ಬೀಗದಕೈ. ಕಲ್ಲಿನಲ್ಲಿ ಸಾಲು ಎಲ್ಲಿ ಮುರಿದಿದೆಯೋ ಅಲ್ಲಿ ಒಂದು ಓರೆಗೆರೆ ಹಾಕಿ. ಅನುಮಾನ ಇರುವ ಅಕ್ಷರವನ್ನು ಚೌಕ ಕಂಸದಲ್ಲಿಟ್ಟು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ: 18[4?]1. ಓದಲು ಆಗದ್ದಕ್ಕೆ ಚುಕ್ಕಿ ಇಡಿ. ಊಹಿಸಿ ತುಂಬಿದ ಅಕ್ಷರಕ್ಕೂ ಕಣ್ಣಾರೆ ಕಂಡ ಅಕ್ಷರಕ್ಕೂ ವ್ಯತ್ಯಾಸ ಉಳಿಯಬೇಕು. ನಿಮ್ಮ ಊಹೆ ಒಮ್ಮೆ ದಾಖಲೆಯಾಗಿಬಿಟ್ಟರೆ ಅದನ್ನು ನೋಡಿ ಇನ್ನೊಬ್ಬರು ಬರೆಯುತ್ತಾರೆ, ಅವರನ್ನು ನೋಡಿ ಮತ್ತೊಬ್ಬರು. ಆಮೇಲೆ ತಿದ್ದುವುದು ಕಷ್ಟ.

ಹಳೆಯ ಇಂಗ್ಲಿಷ್ ಕಲ್ಲುಗಳಲ್ಲಿ ಕೆಲವು ಪದಗಳ ಅರ್ಥ ಗೊತ್ತಿದ್ದರೆ ಒಳ್ಳೆಯದು. 'ರೆಲಿಕ್ಟ್' ಅಂದರೆ ವಿಧವೆ, ಅಂದರೆ ಗಂಡ ಮೊದಲೇ ಸತ್ತಿದ್ದ. 'ಕಾನ್ಸಾರ್ಟ್' ಅಂತ ಇದ್ದರೆ ಸಾಮಾನ್ಯವಾಗಿ ಹೆಂಡತಿ ಮೊದಲು ಸತ್ತಳು, ಗಂಡ ಆಗ ಬದುಕಿದ್ದ ಅಂತ. ಆ ಒಂದು ಪದದಿಂದ ಗಂಡನ ಸಾವನ್ನು ಯಾವ ವರ್ಷದ ನಂತರ ಹುಡುಕಬೇಕು ಅನ್ನುವುದು ತಿಳಿಯುತ್ತದೆ. ಚಿತ್ರಗಳೂ ಮಾತಾಡುತ್ತವೆ. ಕುರಿಮರಿ ಇದ್ದರೆ ಬಹುಮಟ್ಟಿಗೆ ಮಗುವಿನ ಸಮಾಧಿ. ಮುರಿದ ಕಂಬ ಅಂದರೆ ಅರ್ಧದಲ್ಲೇ ಮುಗಿದ ಬದುಕು. ಯಹೂದಿ ಸಮಾಧಿಗಳಲ್ಲಿ ಬೆರಳು ಬಿಡಿಸಿ ಹರಸುವ ಎರಡು ಕೈ ಇದ್ದರೆ ಪುರೋಹಿತ ವಂಶ, ಹೂಜಿ ಇದ್ದರೆ ಪುರೋಹಿತರಿಗೆ ನೆರವಾಗುತ್ತಿದ್ದ ಲೇವಿ ವಂಶ. ಯಹೂದಿ ಕಲ್ಲುಗಳ ಹೀಬ್ರೂ ಬರಹದಲ್ಲಿ ಸತ್ತವರ ತಂದೆಯ ಹೆಸರು ಸಾಮಾನ್ಯವಾಗಿ ಇರುತ್ತದೆ. ವಂಶ ಹುಡುಕುವವರಿಗೆ ಒಂದೇ ಕಲ್ಲಿನಲ್ಲಿ ಎರಡು ತಲೆಮಾರು ಸಿಕ್ಕ ಹಾಗೆ.

ತಾರೀಕಿನ ಲೆಕ್ಕ

ಎಷ್ಟೋ ಕಲ್ಲುಗಳಲ್ಲಿ ಹುಟ್ಟಿದ ದಿನ ಇರುವುದಿಲ್ಲ. ಸತ್ತ ದಿನ ಮತ್ತು ವಯಸ್ಸು ಇರುತ್ತದೆ. "14 ಮಾರ್ಚ್ 1871ರಂದು ತೀರಿಕೊಂಡರು, ವಯಸ್ಸು 28 ವರ್ಷ, 3 ತಿಂಗಳು, 20 ದಿನ" ಅಂತಿದ್ದರೆ ಹಿಂದಕ್ಕೆ ಎಣಿಸಿ. ದಿನದಿಂದ ಶುರು ಮಾಡಿ: 14ರಲ್ಲಿ 20 ಹೋಗುವುದಿಲ್ಲ, ಫೆಬ್ರವರಿಯ 28 ದಿನ ಸಾಲ ತಂದರೆ 42, ಅದರಲ್ಲಿ 20 ಕಳೆದರೆ 22. ತಿಂಗಳು ಈಗ 2, ಅದರಲ್ಲಿ 3 ಹೋಗುವುದಿಲ್ಲ, ಒಂದು ವರ್ಷದ 12 ತಿಂಗಳು ಸಾಲ ತಂದರೆ 14, ಉಳಿದದ್ದು 11. ವರ್ಷ 1870ರಲ್ಲಿ 28 ಕಳೆದರೆ 1842. ಹುಟ್ಟಿದ್ದು 22 ನವೆಂಬರ್ 1842. ಆ ಕಾಲದವರು ತಿಂಗಳಿಗೆ ಮೂವತ್ತೇ ದಿನ ಅಂತ ಲೆಕ್ಕ ಹಾಕಿದ್ದರೆ ಒಂದೆರಡು ದಿನ ವ್ಯತ್ಯಾಸ ಬರುತ್ತದೆ. ಹಾಗಾಗಿ 'ಸುಮಾರು' ಅಂತ ಸೇರಿಸಿ ಬರೆಯಿರಿ.

'ತಮ್ಮ ವಯಸ್ಸಿನ 35ನೇ ವರ್ಷದಲ್ಲಿ' ಅಂತ ಬರೆದಿದ್ದರೆ ಅವರಿಗೆ 35 ತುಂಬಿರಲಿಲ್ಲ, 34 ತುಂಬಿ 35 ನಡೆಯುತ್ತಿತ್ತು. ಇದನ್ನು ಗಮನಿಸದೆ ಒಂದು ವರ್ಷ ತಪ್ಪುವವರು ತುಂಬ ಜನ.

ಕ್ಯಾಲೆಂಡರ್ ಕೂಡ ಎಲ್ಲ ಕಡೆ, ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಮತ್ತು ಅದರ ವಸಾಹತುಗಳಲ್ಲಿ 1752ಕ್ಕೂ ಮೊದಲು ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆ ವರ್ಷ ಈಗ ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್‌ಗೆ ಬದಲಾದಾಗ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಬಂತು. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 11 ಫೆಬ್ರವರಿ 1731, ಹೊಸ ಲೆಕ್ಕದಲ್ಲಿ 22 ಫೆಬ್ರವರಿ 1732. ಅದಕ್ಕೇ ಆ ಕಾಲದ ಕಲ್ಲುಗಳ ಮೇಲೆ 1731/2 ಅಂತ ಎರಡು ವರ್ಷ ಒಟ್ಟಿಗೆ ಕಂಡರೆ ಗಾಬರಿಯಾಗಬೇಡಿ.

ಮುಸ್ಲಿಮರ ಸಮಾಧಿಗಳಲ್ಲಿ ಕಾಣುವ ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಹಾಗಾಗಿ ಒಂದೇ ಸಂಖ್ಯೆ ಕೂಡಿಸಿ ಇಸವಿ ತೆಗೆಯಲು ಆಗುವುದಿಲ್ಲ. ಹಿಜರಿ 1300 ಶುರುವಾದದ್ದು 1882ರ ನವೆಂಬರ್‌ನಲ್ಲಿ ಅನ್ನುವುದನ್ನು ನೆನಪಿಟ್ಟುಕೊಂಡರೆ, ಅಲ್ಲಿಂದ ಹಿಂದೆ ಮುಂದೆ ಅಂದಾಜು ಮಾಡಬಹುದು. 33 ಹಿಜರಿ ವರ್ಷ ಅಂದರೆ ಹೆಚ್ಚುಕಮ್ಮಿ 32 ಇಸವಿ ವರ್ಷ. ಹೀಬ್ರೂ ಕಲ್ಲುಗಳಲ್ಲಿ ವರ್ಷವನ್ನು ಅಕ್ಷರಗಳಲ್ಲಿ ಬರೆಯುತ್ತಾರೆ, ಸಾವಿರದ ಸ್ಥಾನವನ್ನು ಎಷ್ಟೋ ಸಲ ಬಿಟ್ಟಿರುತ್ತಾರೆ. 680 ಅಂತ ಬಂದರೆ 1240 ಕೂಡಿಸಿ, 1920. ಆ ವರ್ಷ ಸೆಪ್ಟೆಂಬರ್ ಹೊತ್ತಿಗೇ ಶುರುವಾಗುವುದರಿಂದ ಸಾವು 1919ರ ಕೊನೆಯಲ್ಲೂ ಆಗಿರಬಹುದು. ಯಾವುದೇ ಆದರೂ ಮೊದಲು ಕಲ್ಲಿನಲ್ಲಿದ್ದ ಹಾಗೆ ಬರೆದು, ಪಕ್ಕದಲ್ಲಿ ನಿಮ್ಮ ಲೆಕ್ಕ ಬರೆಯಿರಿ.

ಪಕ್ಕದ ಕಲ್ಲು

ನಾನು ಮೊದಲ ಸಲ ಇಂಥ ಕೆಲಸಕ್ಕೆ ಹೋದಾಗ ಬೇಕಾದ ಒಂದೇ ಕಲ್ಲಿನ, ಅಜ್ಜಿಯೊಬ್ಬರ ಕಲ್ಲಿನ ಫೋಟೋ ತೆಗೆದು ಬಂದೆ. ಅದರ ಎಡಕ್ಕೆ ಇನ್ನೊಂದು ಕಲ್ಲು ಇತ್ತು. ಬೇರೆ ಅಡ್ಡಹೆಸರು, ನಮಗೆ ಸಂಬಂಧ ಇಲ್ಲ ಅಂದುಕೊಂಡೆ. ವರ್ಷಗಳ ಮೇಲೆ ಆ ಅಡ್ಡಹೆಸರೇ ಆ ಅಜ್ಜಿಯ ತವರಿನದು ಅಂತ ಗೊತ್ತಾಯಿತು. ಮತ್ತೆ ಹೋದೆ. ಮರದ ಕೊಂಬೆ ಬಿದ್ದು ಆ ಕಲ್ಲು ಮೂರು ತುಂಡಾಗಿತ್ತು. ಹೆಸರಿದ್ದ ತುಂಡು ಎಷ್ಟು ಹುಡುಕಿದರೂ ಸಿಗಲಿಲ್ಲ. ಆ ಬೇಸರ ಇವತ್ತಿಗೂ ಹೋಗಿಲ್ಲ.

ಹಳ್ಳಿಯ ಸ್ಮಶಾನ ನಗರದ ಸ್ಮಶಾನದಂತಲ್ಲ. ನಗರದಲ್ಲಿ ಪಕ್ಕದವರು ಯಾರೋ ಆಗಿರಬಹುದು, ಬಂದ ಸರದಿಯಲ್ಲಿ ಜಾಗ ಸಿಕ್ಕಿರುತ್ತದೆ. ಹಳ್ಳಿಯಲ್ಲಿ ಕುಟುಂಬಗಳು ಒಂದೊಂದು ಮೂಲೆ ಹಿಡಿದಿರುತ್ತವೆ. ಮದುವೆಯಾಗಿ ಹೆಸರು ಬದಲಿಸಿಕೊಂಡ ಹೆಣ್ಣುಮಗಳು, ವಿಧವೆಯಾಗಿ ತವರಿಗೆ ಮರಳಿದ ಅಕ್ಕ, ಸಾಕಿಕೊಂಡ ಮಗು, ಮೊದಲ ಹೆಂಡತಿ, ಇವರೆಲ್ಲ ಹತ್ತಿರದಲ್ಲೇ ಇರುತ್ತಾರೆ. ಅವರ ನಡುವಿನ ಸಂಬಂಧವನ್ನು ಯಾವ ಕಲ್ಲೂ ಬರೆದು ಹೇಳುವುದಿಲ್ಲ, ಅವರಿರುವ ಜಾಗ ಹೇಳುತ್ತದೆ. ಒಂದೇ ತಿಂಗಳ ತಾರೀಕಿರುವ ನಾಲ್ಕು ಪುಟ್ಟ ಕಲ್ಲು ಸಾಲಾಗಿ ಕಂಡರೆ ಆ ಮನೆಗೆ ಯಾವುದೋ ಸೋಂಕು ಬಂದು ಹೋಗಿತ್ತು ಅಂತ ಅರ್ಥ. ವಂಶವೃಕ್ಷದಲ್ಲಿ ಆ ಮಕ್ಕಳ ಹೆಸರೇ ಇಲ್ಲದಿರಬಹುದು.

ಅದಕ್ಕೇ ಒಂದು ಸಾಲು ಹಿಡಿದರೆ ಆ ಸಾಲನ್ನು ಪೂರ್ತಿ ದಾಖಲಿಸಿ. ನೋಟ್‌ಬುಕ್‌ನಲ್ಲಿ ಸ್ಮಶಾನದ ಸುಮಾರು ನಕ್ಷೆ ಬರೆದು, ಗೇಟಿನಿಂದ ಶುರು ಮಾಡಿ ಸಾಲುಗಳಿಗೆ ಅಂಕಿ ಕೊಡಿ, ಸಾಲಿನೊಳಗಿನ ಕಲ್ಲುಗಳಿಗೂ ಕೊಡಿ. ಕಲ್ಲಿಲ್ಲದ ಆದರೆ ನೆಲ ಉಬ್ಬಿದ ಅಥವಾ ಕುಸಿದ ಜಾಗಗಳನ್ನೂ ಗುರುತು ಹಾಕಿ. ಮೊಬೈಲ್‌ನ ಜಿಪಿಎಸ್ ಇದೆಯಲ್ಲ ಅಂತ ಕೇಳಬಹುದು. ಬಯಲಿನಲ್ಲಿ ಅದರ ನಿಖರತೆ ಸುಮಾರು ಐದು ಮೀಟರ್ ಆಚೀಚೆ, ಮರದ ಕೆಳಗೆ ಅಷ್ಟೂ ಇಲ್ಲ. ಐದು ಮೀಟರ್ ಒಳಗೆ ಹತ್ತು ಸಮಾಧಿ ಇರಬಹುದು. ಸ್ಮಶಾನವನ್ನು ಹುಡುಕಲು ಜಿಪಿಎಸ್ ಸಾಕು, ಸಮಾಧಿಯನ್ನು ಹುಡುಕಲು ನಿಮ್ಮ ಪೆನ್ಸಿಲ್ ನಕ್ಷೆಯೇ ಬೇಕು.

ಪ್ರತಿ ಸಮಾಧಿಗೂ ಕನಿಷ್ಠ ಮೂರು ಫೋಟೋ: ಪೂರ್ತಿ ಕಲ್ಲು, ಬರಹದ ಹತ್ತಿರದ ನೋಟ, ಅಕ್ಕಪಕ್ಕದ ಕಲ್ಲುಗಳೂ ಕಾಣುವ ದೂರದ ನೋಟ. ಹಿಂಬದಿಗೆ ಹೋಗಿ ನೋಡುವುದನ್ನು ಮರೆಯಬೇಡಿ. ಕೆಲವು ಕಲ್ಲುಗಳ ಹಿಂದೆ ಮಕ್ಕಳ ಹೆಸರು ಇರುತ್ತದೆ, ಬುಡದಲ್ಲಿ ಕೆತ್ತಿದವರ ಹೆಸರು ಇರುತ್ತದೆ. ಸಮಾಧಿಯ ಕಾಲಿನ ಕಡೆ ಬರೀ ಮೊದಲಕ್ಷರಗಳಿರುವ ಚಿಕ್ಕ ಕಲ್ಲೂ ಇರಬಹುದು.

ಮನೆಗೆ ಬಂದ ಮೇಲೆ

ಅವತ್ತೇ ಸಂಜೆ ಫೋಟೋಗಳಿಗೆ ಸಾಲಿನ ಅಂಕಿ, ಕಲ್ಲಿನ ಅಂಕಿ, ತಾರೀಕು ಹಾಕಿ ಹೆಸರಿಡಿ. ಒಂದು ವಾರ ಬಿಟ್ಟರೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ನೆಂಟರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಫೋಟೋ ಒಳಗೆ ಅಡಗಿದ್ದ ಜಾಗದ ಮಾಹಿತಿಯನ್ನೂ ತೆಗೆದುಹಾಕುತ್ತದೆ. ಕಷ್ಟಪಟ್ಟು ತಂದ ತೆಳು ಗೆರೆಗಳು ಅಲ್ಲೇ ಹೋಗಿಬಿಡುತ್ತವೆ. ಮಸುಕಾದ ಫೋಟೋವನ್ನು ಕಪ್ಪು-ಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ ನೋಡಿ. ಕೆಲವೊಮ್ಮೆ ಬಣ್ಣಗಳನ್ನು ತಿರುವುಮುರುವು ಮಾಡಿದಾಗ ಅಕ್ಷರ ಕಾಣುತ್ತದೆ. ಮೂಲ ಫೋಟೋ ಮಾತ್ರ ಹಾಗೇ ಇರಲಿ.

ಬೇರೆಯವರಿಗೂ ಸಿಗಲಿ ಅನ್ನಿಸಿದರೆ 1995ರಲ್ಲಿ ಶುರುವಾದ ಫೈಂಡ್ ಎ ಗ್ರೇವ್, 2011ರಲ್ಲಿ ಬಂದ ಬಿಲಿಯನ್‌ಗ್ರೇವ್ಸ್ ತಾಣಗಳಿವೆ. ಎರಡರಲ್ಲೂ ಜನಸಾಮಾನ್ಯರೇ ಫೋಟೋ ಸೇರಿಸುತ್ತಾರೆ. ಅಲ್ಲಿ ಮೊದಲೇ ಹುಡುಕಿ ನೋಡುವುದೂ ಒಳ್ಳೆಯದು. ಹತ್ತಿಪ್ಪತ್ತು ವರ್ಷದ ಹಿಂದೆ ಯಾರೋ ಅದೇ ಕಲ್ಲಿನ ಫೋಟೋ ತೆಗೆದಿದ್ದರೆ, ಆಗ ಓದಲು ಬರುತ್ತಿದ್ದ ಸಾಲು ಅದರಲ್ಲಿ ಇರುತ್ತದೆ. ಮಹಾಯುದ್ಧಗಳ ಕಾಲದ ಬ್ರಿಟಿಷ್ ಮತ್ತು ಕಾಮನ್‌ವೆಲ್ತ್ ಸೈನಿಕರಾದರೆ 1917ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಗಳನ್ನು ನೋಡಬೇಕು. ಎರಡೂ ಮಹಾಯುದ್ಧಗಳಲ್ಲಿ ಮಡಿದವರ ಪಟ್ಟಿ ಅವರ ಬಳಿ ಇದೆ.

ಹಾಕುವ ಮುನ್ನ ಒಂದು ಮಾತು. ಇತ್ತೀಚಿನ ಸಮಾಧಿಗಳಲ್ಲಿ ಬದುಕಿರುವ ಗಂಡನದೋ ಹೆಂಡತಿಯದೋ ಹೆಸರು, ಹುಟ್ಟಿದ ದಿನ ಇರುತ್ತದೆ. ಅಂಥವನ್ನು ಅಂತರ್ಜಾಲಕ್ಕೆ ಹಾಕಬೇಡಿ. ಹೊಸ ಸಮಾಧಿಯಾದರೆ, ಅದರಲ್ಲೂ ಮಗುವಿನದಾದರೆ, ಮನೆಯವರನ್ನು ಕೇಳದೆ ಫೋಟೋ ಕೂಡ ಬೇಡ.

ಕೊನೆಗೆ ನಕ್ಷೆ ಮತ್ತು ಬರಹದ ನಕಲನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಸ್ಮಶಾನ ನೋಡಿಕೊಳ್ಳುವವರಿಗೆ ಒಂದು ಪ್ರತಿ ಕೊಟ್ಟು ಬನ್ನಿ. ಅವರು ಅದನ್ನು ಓದುತ್ತಾ ಬೆರಳಿಟ್ಟು, "ಇಲ್ಲಿ ಖಾಲಿ ಅಂತ ಬರೆದಿದ್ದೀರಲ್ಲ, ಇಲ್ಲಿ ಇಂಥವರನ್ನು ಹೂಳಿದ್ದು, ನಾನು ಚಿಕ್ಕವನಿದ್ದಾಗ ನೋಡಿದ್ದೇನೆ" ಅಂತ ಹೇಳಬಹುದು. ಪೆನ್ಸಿಲ್ ಜೇಬಿನಲ್ಲೇ ಇರಲಿ.